ತಪ್ಪು ಯಾರ ಕಾಲಿನದು?

ಮೊದಲೇ ಹೇಳಿಬಿಡುತ್ತೇನೆ. ನಾನು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಸೊಪ್ಪು ಮಾರುವ ಒಬ್ಬ ತಾಯಿಯ ಕಾಲು ಮುರಿದಿದೆ. ಕಾರು ನನ್ನದಲ್ಲ. ಕಾರಿನಲ್ಲಿ ದೋಷವಿತ್ತು. ಆದರೂ ಆವತ್ತು ಪೆಡಲಿನ ಮೇಲಿದ್ದ ಕಾಲು ನನ್ನದೇ. ಕೇಸು, ಕವಿತೆ ಎಲ್ಲ ಆಮೇಲೆ. ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನೂರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯಲ್ಲಿ ಬಿ.ಎ. ಮುಗಿಸಿದವನು ನಾನೇ ಮೊದಲು. ಅವ್ವನಿಗೆ ಹೆಬ್ಬೆಟ್ಟು. ಅಪ್ಪನಿಗೆ ಹೆಸರಿನ ಮೊದಲ ಮೂರು ಅಕ್ಷರ ಬರೆಯಲು ಬರುತ್ತದೆ, ನಾಲ್ಕನೆಯದು ಬರುವುದಿಲ್ಲ. ನಾನು ವಿಜಯನಗರಕ್ಕೆ ಬಂದು ನಾಲ್ಕು ವರ್ಷವಾಯಿತು. ಹಂಪಿನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತ ಓಡಾಡಿದವರಿಗೆ ಇಲ್ಲಿನ ಗಲ್ಲಿಗಳು ಗೊತ್ತು. ಒಂದೊಂದು ಗಲ್ಲಿಗೂ ಕೋಚಿಂಗ್ ಸೆಂಟರು, ಅದರ ಪಕ್ಕ ಪಿ.ಜಿ., ಅದರ ಕೆಳಗೆ ಜೆರಾಕ್ಸ್ ಅಂಗಡಿ. ಬೀದರಿನಿಂದ ಚಾಮರಾಜನಗರದವರೆಗಿನ ಹಳ್ಳಿ ಹುಡುಗ ಹುಡುಗಿಯರು ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಎಂದು ಇಲ್ಲಿಗೆ ಬಂದು ಬೀಳುತ್ತಾರೆ. ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಕುರ್ಚಿ ಹಿಡಿಯಲು ಬೆಳಗಾಗುವ ಮೊದಲೇ ಎದ್ದು ಓಡುತ್ತಾರೆ. ನಾನೂ ಅವರಲ್ಲೊಬ್ಬ. ಸಾಮ್ರಾಜ್ಯದ ಹೆಸರು ಹೊತ್ತ ಬಡಾವಣೆಯಲ್ಲಿ ಸರ್ಕಾರದ ಒಂದು ಕುರ್ಚಿಗಾಗಿ ಕಾಯುತ್ತಿರುವವನು.

ಓದಿದರೆ ಹೊಟ್ಟೆ ತುಂಬುವುದಿಲ್ಲ. ಪಿ.ಜಿ. ಬಾಡಿಗೆಗೆ, ಊಟಕ್ಕೆ, ಅರ್ಜಿ ಶುಲ್ಕಕ್ಕೆ ನಾನು ಕಾರು ಓಡಿಸುತ್ತೇನೆ. ಬೆಂಗಳೂರಿನಲ್ಲಿ ಇದಕ್ಕೆ 'ಆ್ಯಕ್ಟಿಂಗ್ ಡ್ರೈವರ್' ಎಂದು ಹೆಸರು. ಖಾಯಂ ಕೆಲಸವಲ್ಲ. ಮದುವೆಗೋ ಆಸ್ಪತ್ರೆಗೋ ಏರ್‌ಪೋರ್ಟಿಗೋ ಕರೆದ ದಿನ ಹೋಗಬೇಕು, ಗಂಟೆ ಲೆಕ್ಕದಲ್ಲಿ ದುಡ್ಡು ಇಸಕೊಂಡು ಬರಬೇಕು. ಊರಲ್ಲಿದ್ದಾಗ ತರಕಾರಿ ಟೆಂಪೋದಲ್ಲಿ ಕ್ಲೀನರಾಗಿ ಮಾಗಡಿ ರಸ್ತೆ ಹಿಡಿದು ಕೆ.ಆರ್. ಮಾರುಕಟ್ಟೆಗೆ ಬರುತ್ತಿದ್ದೆ. ಗೇರು ಹಾಕುವುದನ್ನು ಕಲಿತದ್ದು ಅದರಲ್ಲೇ, ರಾತ್ರಿ ಎರಡು ಗಂಟೆಯ ಖಾಲಿ ರಸ್ತೆಯಲ್ಲಿ.

ಹೀಗೆ ನನ್ನನ್ನು ಕರೆಯುವವರಲ್ಲಿ ಇಲ್ಲೇ ವಿಜಯನಗರದ ಒಬ್ಬ ಯಜಮಾನರೂ ಇದ್ದರು. ನಿವೃತ್ತ ಅಧಿಕಾರಿ. ಕೆಟ್ಟವರಲ್ಲ. ಕಾಫಿ ಕೊಡುತ್ತಿದ್ದರು, ಸ್ಟೀಲ್ ಲೋಟದಲ್ಲಿ. ಮನೆಯವರದೆಲ್ಲ ಪಿಂಗಾಣಿ ಕಪ್ಪು. ಅದನ್ನು ನಾನು ನೋಡಿಯೂ ನೋಡದವನಂತೆ ಕುಡಿಯುತ್ತಿದ್ದೆ. ಅವರ ಕಾರು ಆಟೋಮ್ಯಾಟಿಕ್. ಅದರ ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ನಿಮ್ಮ ಕಣ್ಣು ಅಲ್ಲೇ ನಿಂತುಬಿಡುತ್ತದೆ, ನನ್ನ ಮಾತು ಅದಕ್ಕಿಂತ ದೊಡ್ಡದು.

*

ಹಳ್ಳಿಯ ಮೇಷ್ಟರುಗಳೂ ಈ ಪತ್ರಿಕೆ ಓದುತ್ತಾರೆ. ಹಾಗಾಗಿ ಈ ಆಟೋಮ್ಯಾಟಿಕ್ ಅನ್ನುವುದೇನು ಎಂದು ನಾನು ತಿಳಿದಷ್ಟು ಹೇಳುತ್ತೇನೆ.

ಸಾಮಾನ್ಯ ಕಾರಿನಲ್ಲಿ ಮೂರು ಪೆಡಲು. ಎಡಗಾಲಿಗೆ ಕ್ಲಚ್ಚು. ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟನ್ನು ಬಿಡಿಸುವುದು, ಮತ್ತೆ ಮೆಲ್ಲಗೆ ಕೂಡಿಸುವುದು ಅದರ ಕೆಲಸ. ಕೂಡಿಸುವಾಗ ಒಂದು ಹದ ಬೇಕು. ಆ ಹದ ಕಾಲಿಗೆ ಗೊತ್ತಿರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಮೂರನೇ ಪೆಡಲೇ ಇಲ್ಲ. ಎಡಗಾಲಿನ ವಿದ್ಯೆಯನ್ನು ಯಂತ್ರಕ್ಕೆ ಒಪ್ಪಿಸಿರುತ್ತಾರೆ. ಅದರಲ್ಲಿ ಹಲವು ಜಾತಿ. ಹಳೆಯ ಬಗೆಯಲ್ಲಿ ಎಂಜಿನ್ನಿನ ಬಲವನ್ನು ಎಣ್ಣೆಯೇ ಗೇರ್‌ಪೆಟ್ಟಿಗೆಗೆ ದಾಟಿಸುತ್ತದೆ. ಅದಕ್ಕೆ ಬೆಲೆ ಜಾಸ್ತಿ. ಇನ್ನೊಂದು, ಮಾಮೂಲಿ ಗೇರ್‌ಪೆಟ್ಟಿಗೆಗೇ ಯಂತ್ರದ ಕೈಕಾಲು ಜೋಡಿಸಿ ಕ್ಲಚ್ಚು ಒತ್ತಿಸುವುದು. 2014ರಲ್ಲಿ ಮಾರುತಿ ಸೆಲೆರಿಯೊ ಇದನ್ನು ಹೊತ್ತು ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಆಟೋಮ್ಯಾಟಿಕ್ ಬಂತು. ಮೂರನೆಯದು ಜೋಡಿ ಕ್ಲಚ್ಚಿನದು. ಒಂದು, ಮೂರು, ಐದನೇ ಗೇರಿಗೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರನೇ ಗೇರಿಗೆ ಇನ್ನೊಂದು. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಖಾಲಿ ಹೆದ್ದಾರಿಯಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ.

ಆದರೆ ಇದರಲ್ಲಿ ಒಣ ಕ್ಲಚ್ಚು ಅಂತ ಒಂದಿದೆ. ಬಿಸಿಯನ್ನು ಹೊತ್ತೊಯ್ಯಲು ಅದಕ್ಕೆ ಎಣ್ಣೆ ಇರುವುದಿಲ್ಲ. ಮಾಗಡಿ ರಸ್ತೆಯ ಸಂಜೆಯನ್ನು ನೆನೆಸಿಕೊಳ್ಳಿ. ಹತ್ತಡಿ ಹೋಗು, ನಿಲ್ಲು, ಐದಡಿ ಹೋಗು, ನಿಲ್ಲು. ಪ್ರತಿ ಸಲವೂ ಕ್ಲಚ್ಚು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಅರ್ಧದಲ್ಲಿ ತಿಕ್ಕಾಡುತ್ತದೆ. ತಿಕ್ಕಾಡಿದ್ದಕ್ಕೆ ಕಾಯುತ್ತದೆ. ಕಾದರೆ ನಡುಗುತ್ತದೆ. ಕೆಲವೊಮ್ಮೆ ಆಕ್ಸಿಲರೇಟರ್ ಒತ್ತಿದರೂ ಮುಂದೆ ಹೋಗುವುದಿಲ್ಲ. ಆಮೇಲೆ ಒಮ್ಮೆಲೇ ಹಿಡಿದುಕೊಂಡು ಚಿಮ್ಮುತ್ತದೆ. ಯಜಮಾನರ ಕಾರು ಮಾಡುತ್ತಿದ್ದದ್ದು ಇದನ್ನೇ. ಮೊದಮೊದಲು ವಾರಕ್ಕೊಂದು ಸಲ. ಆಮೇಲೆ ದಿನಾ.

ನಾನು ಹೇಳಿದೆ, "ಸಾರ್, ಗಾಡಿ ಸರಿಯಿಲ್ಲ. ಹತ್ತುವಾಗ ನಡುಗ್ತದೆ."

ಅವರು ನಕ್ಕರು. "ಟೆಂಪೋ ಓಡ್ಸಿದ ಕಾಲಲ್ವೇನಯ್ಯಾ ಅದು. ಮೆತ್ತಗೆ ಒತ್ತೋದು ಕಲಿ. ನಿಮಗೆಲ್ಲ ಇದು ಹೊಸದು."

'ನಿಮಗೆಲ್ಲ' ಎಂದದ್ದು ಡ್ರೈವರುಗಳಿಗೋ, ಹಳ್ಳಿಯವರಿಗೋ, ಕೇರಿಯವರಿಗೋ ನಾನು ಕೇಳಲಿಲ್ಲ. ಕೇಳದೆ ಇರುವುದನ್ನು ನಾವು ಬಹಳ ಚಿಕ್ಕಂದಿನಲ್ಲೇ ಕಲಿತಿರುತ್ತೇವೆ.

*

ಅದು ಒಂದು ಭಾನುವಾರ ಬೆಳಿಗ್ಗೆ. ಮದುವೆಗೆ ಹೊರಟಿದ್ದರು. ಅವರ ಅಪಾರ್ಟ್‌ಮೆಂಟಿನ ಕೆಳಮಹಡಿಯಿಂದ ರಸ್ತೆಗೆ ಬರಲು ಕಡಿದಾದ ಏರು. ಏರಿನ ತುದಿಯಲ್ಲಿ ಗೇಟು. ಗೇಟಿನ ಪಕ್ಕ ಫುಟ್‌ಪಾತಿನ ಮೇಲೆ ದಿನಾ ಒಬ್ಬ ತಾಯಿ ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ ಹರವಿಕೊಂಡು ಕೂತಿರುತ್ತಾಳೆ. ಅವತ್ತು ಏರಿನಲ್ಲಿ ನಮ್ಮ ಮುಂದೆ ಎರಡು ಕಾರು ಇದ್ದವು. ಒಂದೊಂದಾಗಿ ಹೋಗುವವರೆಗೂ ಏರಿನಲ್ಲೇ ನಿಂತು ನಿಂತು ಹತ್ತಬೇಕಾಯಿತು. ತುದಿಗೆ ಬಂದಾಗ ಒಂದು ಬೈಕು ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಿಂದ "ನುಗ್ಸು ನುಗ್ಸು, ಮುಹೂರ್ತ ಮೀರ್ತದೆ" ಅಂದರು. ಬ್ರೇಕ್ ಬಿಟ್ಟೆ. ಗಾಡಿ ಮುಂದೆ ಹೋಗಲಿಲ್ಲ. ಒಂದಿಷ್ಟು ಹಿಂದಕ್ಕೆ ಜಾರಿತು. ಆಕ್ಸಿಲರೇಟರ್ ಒತ್ತಿದೆ. ನಡುಗಿತು, ಹೋಗಲಿಲ್ಲ. ಇನ್ನೊಂದಿಷ್ಟು ಒತ್ತಿದೆ. ಆಗ ಒಮ್ಮೆಲೇ ಹಿಡಿದು ಚಿಮ್ಮಿತು. ನನ್ನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎಡಗಡೆಯ ಬಂಪರು ಸೊಪ್ಪಿನ ಮೇಲೆ, ಆ ತಾಯಿಯ ಕಾಲಿನ ಮೇಲೆ.

ಅವಳು ಕೂಗಲಿಲ್ಲ. "ಅಯ್ಯೋ ಮಗ" ಅಂದಳು, ಅಷ್ಟೇ. ನನ್ನವ್ವ ಮುಳ್ಳು ಚುಚ್ಚಿಸಿಕೊಂಡಾಗ ಅನ್ನುವ ಹಾಗೆಯೇ.

ಇಳಿದೆ. ಪಾದದ ಮೇಲಿನ ಗಂಟು ಆಗಲೇ ಊದುತ್ತಿತ್ತು. ಯಜಮಾನರು ಗಾಜು ಇಳಿಸಿ ಐನೂರರ ನೋಟು ಎರಡು ಚಾಚಿದರು. "ಕೊಟ್ಟು ಬಾರಯ್ಯ, ಜನ ಸೇರ್ತಾರೆ." ನಾನು ಕೊಟ್ಟೆ. ಹೌದು ಗೆಳೆಯರೇ, ಕೊಟ್ಟು ಹತ್ತಿಕೊಂಡು ಹೊರಟೆ. ಬಂಡಾಯದ ಕವಿಗೋಷ್ಠಿಗಳಲ್ಲಿ ಮೈಕು ಹಿಡಿದು ಕೂಗಿದ ನಾನು, ಮಣ್ಣಿನ ಮಕ್ಕಳ ನೋವನ್ನು ಪದ್ಯ ಮಾಡಿ ಚಪ್ಪಾಳೆ ಗಿಟ್ಟಿಸಿದ ನಾನು, ಒಂದು ಸಾವಿರ ರೂಪಾಯಿ ಅವಳ ಮಡಿಲಿಗೆ ಹಾಕಿ ಮದುವೆ ಊಟಕ್ಕೆ ಕಾರು ಓಡಿಸಿದೆ. ಮೋಟಾರು ವಾಹನ ಕಾಯಿದೆಯ 134ನೇ ಕಲಮು ಹೇಳುವುದು ಇದನ್ನಲ್ಲ. ಗಾಯಗೊಂಡವರಿಗೆ ವೈದ್ಯರ ನೆರವು ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಡ್ರೈವರಿನ ಕರ್ತವ್ಯ. ಪರೀಕ್ಷೆಗೆ ಕಾನೂನು ಬಾಯಿಪಾಠ ಮಾಡುವ ನನಗೆ ಅದು ಗೊತ್ತಿತ್ತು.

ಸಂಜೆ ದುಡ್ಡು ಕೊಡುವಾಗ ಯಜಮಾನರು ಒಂದು ಸಾವಿರ ಹಿಡಿದುಕೊಂಡು ಕೊಟ್ಟರು. "ನಿನ್ನ ತಪ್ಪಿಗೆ ನಾನ್ಯಾಕೆ ಕೊಡ್ಲಿ?" ಎಂದರು.

*

ಮರುವಾರ ಯಜಮಾನರು ತಾವೇ ಓಡಿಸಿಕೊಂಡು ಸರ್ವೀಸಿಗೆ ಹೋದರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅವರ ಓಡಿಸುವಿಕೆಯನ್ನು ಅವತ್ತು ಸರಿಯಾಗಿ ನೋಡಿದೆ. ಒಂದು ಕೈಯಲ್ಲಿ ಫೋನು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ, ಎರಡೂ ಒಟ್ಟಿಗೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿಯನ್ನು ನೇತುಹಾಕುವುದು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಿಂದಕ್ಕೆ ಹಾಕುವುದು. ಇವೆಲ್ಲ ಕ್ಲಚ್ಚನ್ನು ಕೊಲ್ಲುವ ಅಭ್ಯಾಸಗಳೇ. ಆದರೆ ಅವರಿಗೆ ಯಾರೂ 'ನಿಮಗೆಲ್ಲ ಇದು ಹೊಸದು' ಎಂದು ಹೇಳಿರಲಿಲ್ಲ.

ಹೇಳುವವರು ಅಲ್ಲಿ ಕಾಯುತ್ತಿದ್ದರು. ಸರ್ವೀಸಿನ ಹುಡುಗ, ಟೈ ಕಟ್ಟಿದವನು, ಒಂದು ಸುತ್ತು ಓಡಿಸಿ ಬಂದು ನಗುತ್ತಾ ಹೇಳಿದ: "ಗಾಡಿಯಲ್ಲಿ ಏನೂ ಇಲ್ಲ ಸಾರ್. ನಿಮ್ಮ ಡ್ರೈವಿಂಗ್ ಸ್ಟೈಲ್. ಸ್ವಲ್ಪ ಬದಲಾಯಿಸ್ಕೋಬೇಕು."

ಯಜಮಾನರ ಮುಖ ನೋಡಬೇಕಿತ್ತು. ಅರವತ್ತು ದಾಟಿದ ಮನುಷ್ಯ, ನೂರಾರು ಫೈಲುಗಳಿಗೆ ಸಹಿ ಹಾಕಿದವರು. ಹನ್ನೆರಡು ಲಕ್ಷ ಕೊಟ್ಟು ಕೊಂಡ ವಸ್ತು ಕೆಟ್ಟಿದೆ ಎಂದು ಹೇಳಲು ಬಂದರೆ, ಕೆಟ್ಟಿರುವುದು ವಸ್ತುವಲ್ಲ, ನೀನು ಎನ್ನುತ್ತಿದ್ದಾರೆ. ಆ ಮಾತನ್ನು ಅವರು ಬದುಕಿನಲ್ಲಿ ಮೊದಲ ಸಲ ಕೇಳುತ್ತಿದ್ದರು. ನಾವು ಅದನ್ನು ಕೇಳಿಕೊಂಡೇ ಬೆಳೆದವರು. ಶಾಲೆಯಲ್ಲಿ ಪಾಠ ತಲೆಗೆ ಹತ್ತದಿದ್ದರೆ ಪಾಠದ ತಪ್ಪಲ್ಲ, ನಮ್ಮ ತಲೆಯ ತಪ್ಪು. ಹಾಸ್ಟೆಲಿನ ಅನ್ನ ತಿಂದು ಹೊಟ್ಟೆ ಕೆಟ್ಟರೆ ಅನ್ನದ ತಪ್ಪಲ್ಲ, ಹೊಟ್ಟೆಯ ತಪ್ಪು.

ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಸಣ್ಣದು, ಕೆಟ್ಟದ್ದು ಅಂತ ಆಮೇಲೆ ಅನ್ನಿಸಿತು. ಯಾಕೆಂದರೆ ಆ ಹುಡುಗನೂ ಸಂಬಳಕ್ಕೆ ಹಾಗೆ ಹೇಳುತ್ತಿದ್ದ. ಟೈ ಬಿಚ್ಚಿದರೆ ಅವನೂ ಯಾವುದೋ ಊರಿನವನೇ.

*

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು ಹುಡುಕಿದೆ. ಗೆಳೆಯರೇ, 'ತಪ್ಪು ಓಡಿಸುವವನದು' ಎಂಬ ಮಾತಿಗೆ ದೊಡ್ಡ ಇತಿಹಾಸವಿದೆ.

ಅಮೆರಿಕದಲ್ಲಿ 1966ರಿಂದ 1980ರವರೆಗಿನ ಫೋರ್ಡ್ ಗಾಡಿಗಳ ಆಟೋಮ್ಯಾಟಿಕ್ ಗೇರು ನಿಂತಲ್ಲಿಂದ ತಾನಾಗಿಯೇ ಹಿಂದಕ್ಕೆ ಜಾರುತ್ತದೆ ಎಂದು ದೂರುಗಳು ಬಂದವು. ಜನ ಸತ್ತರು. 1980ರಲ್ಲಿ ಸರ್ಕಾರ ಮತ್ತು ಕಂಪನಿ ಒಂದು ಒಪ್ಪಂದಕ್ಕೆ ಬಂದವು. ಸುಮಾರು 2.3 ಕೋಟಿ ಗಾಡಿಗಳ ಮಾಲೀಕರಿಗೆ ಅಂಟಿಸಿಕೊಳ್ಳಲು ಒಂದೊಂದು ಚೀಟಿ ಕಳಿಸುವುದು. ಇಳಿಯುವ ಮೊದಲು ಗೇರು ಸರಿಯಾಗಿ ಬಿದ್ದಿದೆಯೇ ನೋಡು, ಕೈಬ್ರೇಕು ಎಳೆ, ಎಂಜಿನ್ ಆರಿಸು ಅಂತ. ಗಾಡಿ ರಿಪೇರಿ ಆಗಲಿಲ್ಲ. ಎಚ್ಚರಿಕೆಯ ಭಾರ ಓಡಿಸುವವನ ತಲೆಗೆ ಬಂತು.

2013ರ ಮಾರ್ಚ್ 15ರಂದು ಚೀನಾದ ಸರ್ಕಾರಿ ಟಿ.ವಿ. ಫೋಕ್ಸ್‌ವ್ಯಾಗನ್ ಕಂಪನಿಯ ಜೋಡಿ ಕ್ಲಚ್ಚಿನ ಗೇರ್‌ಪೆಟ್ಟಿಗೆಯ ಬಗ್ಗೆ ದೂರುಗಳನ್ನು ತೋರಿಸಿತು. ಅದಾದ ಮೇಲೆ ಕಂಪನಿ ಅಲ್ಲಿ 3,84,181 ಕಾರುಗಳನ್ನು ವಾಪಸ್ಸು ಕರೆಯಿತು.

ಆಸ್ಟ್ರೇಲಿಯಾದ ಸಂಗತಿ ಓದಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅಲ್ಲಿ ಫೋರ್ಡಿನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಲ್ಲಿ ಜೋಡಿ ಕ್ಲಚ್ಚಿನ ಪೆಟ್ಟಿಗೆ ಇತ್ತು. ನಡುಗುತ್ತದೆ ಎಂದು ದೂರು ಕೊಟ್ಟವರಿಗೆ ಕಂಪನಿ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಅದು ನೀವು ಓಡಿಸುವ ರೀತಿಯಿಂದ. ನಡುಕಕ್ಕೆ ಕಾರಣ ಗಾಡಿಯ ಗುಣಮಟ್ಟ ಎಂದು ಕಂಪನಿಗೆ ಆಗಲೇ ಗೊತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟು ಇದನ್ನು ಅಂತಃಕರಣವಿಲ್ಲದ ನಡವಳಿಕೆ ಎಂದು ತೀರ್ಮಾನಿಸಿ ಒಂದು ಕೋಟಿ ಆಸ್ಟ್ರೇಲಿಯಾ ಡಾಲರು ದಂಡ ಹಾಕಿತು. ಮೇಲೆ ಹಣ ಕಟ್ಟಿಸಿಕೊಂಡು ಬದಲಿ ಕಾರು ಕೊಟ್ಟಾಗ ವಾಪಸ್ಸು ಬಂದ ಹಳೆಯ ಕಾರುಗಳನ್ನು, ಅವುಗಳ ಹಿಂದಿನ ತೊಂದರೆ ಹೇಳದೆ ಮತ್ತೆ ಮಾರಿದ್ದರಂತೆ. ಉಳ್ಳವನು ಬಿಟ್ಟ ದೋಷ ಕೆಳಗಿನವನ ಮನೆಗೆ ಅಗ್ಗದ ಬೆಲೆಗೆ ಬರುವುದು ಎಲ್ಲ ದೇಶದಲ್ಲೂ ಒಂದೇ.

ಹಾಗಂತ ಓಡಿಸುವವನದು ತಪ್ಪೇ ಇರುವುದಿಲ್ಲ ಎಂದು ನಾನು ಹೇಳಲಾರೆ. 1986ರಲ್ಲಿ ಅಮೆರಿಕದ ಟಿ.ವಿ. ಆಡಿ 5000 ಎಂಬ ಕಾರು ತಾನಾಗಿಯೇ ನುಗ್ಗುತ್ತದೆ ಎಂದು ತೋರಿಸಿ ಗದ್ದಲ ಎಬ್ಬಿಸಿತು. 1989ರ ಸರ್ಕಾರಿ ತನಿಖೆ ಹೇಳಿದ್ದು ಬೇರೆ. ಬಹುಪಾಲು ಪ್ರಕರಣಗಳಲ್ಲಿ ಜನ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು. ಆದರೆ ಅಲ್ಲೂ ಒಂದು ಪಾಠವಿದೆ. ಬ್ರೇಕ್ ಒತ್ತದೆ ಗೇರು ಬದಲಾಗದಂಥ ಬೀಗವನ್ನು ಆಮೇಲೆ ಆಟೋಮ್ಯಾಟಿಕ್ ಕಾರುಗಳಿಗೆ ಹಾಕಿದರು. ಅಂದರೆ ಮನುಷ್ಯನ ಕಾಲು ಎಡವುತ್ತದೆ ಎಂದು ಗೊತ್ತಾದ ಮೇಲೆ ಯಂತ್ರವನ್ನು ತಿದ್ದಬಹುದು. ತಿದ್ದುವ ಕೈ ಯಾರ ಬಳಿ ಇದೆಯೋ ಹೊಣೆಯೂ ಅವರಿಗೆ ಇರಬೇಕು.

ನನ್ನ ಕಾಲನ್ನೂ ನಾನು ವಿಚಾರಿಸಿಕೊಂಡೆ. ಗಾಡಿ ಹಿಂದೆ ಜಾರಿದಾಗ ಕೈಬ್ರೇಕು ಎಳೆದು ನಿಲ್ಲಬಹುದಿತ್ತು. 'ನುಗ್ಸು' ಎಂದ ಮಾತಿಗೆ ಹೆದರಿ ಎರಡನೇ ಸಲ ಒತ್ತಿದವನು ನಾನೇ. ಗಾಡಿ ಸರಿಯಿಲ್ಲ ಎಂದು ಗೊತ್ತಿದ್ದೂ ಆ ದಿನದ ಕೂಲಿಗಾಗಿ ಓಡಿಸಿದವನು ನಾನೇ. ಕಂಪನಿಯ ಪಾಲು ಕಂಪನಿಗೆ, ಯಜಮಾನರ ಪಾಲು ಯಜಮಾನರಿಗೆ. ನನ್ನ ಪಾಲನ್ನು ನಾನು ಬೇರೆಯವರ ಮೇಲೆ ಹಾಕಲಾರೆ.

*

ಒಂದು ಸಂಜೆ ಯಜಮಾನರೇ ಫೋನು ಮಾಡಿದರು. "ನೀನು ಬಿ.ಎ. ಅಲ್ವೇನಯ್ಯಾ? ಗ್ರಾಹಕರ ಆಯೋಗಕ್ಕೆ ಒಂದು ದೂರು ಬರೀಬೇಕು, ಕನ್ನಡದಲ್ಲಿ. ನೀನು ಬರೀತೀಯಂತೆ, ಕತೆ ಗಿತೆ."

ಹೋದೆ. ಅವತ್ತು ಕಾಫಿ ಪಿಂಗಾಣಿ ಕಪ್ಪಿನಲ್ಲಿ ಬಂತು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿದೆ. ವಕೀಲರಿಲ್ಲದೆ ನಾವೇ ದೂರು ಕೊಡಬಹುದು. ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಹತ್ತರಿಂದ ಇಪ್ಪತ್ತು ಲಕ್ಷದ ವಸ್ತುವಿಗೆ 400 ರೂಪಾಯಿ. ದೋಷ ಬರಿಗಣ್ಣಿಗೆ ಕಾಣದಿದ್ದರೆ ಆಯೋಗ ವಸ್ತುವನ್ನು ತಜ್ಞರ ಪರೀಕ್ಷೆಗೆ ಕಳಿಸಬಹುದು. ಎರಡು ವರ್ಷದೊಳಗೆ ಕೊಡಬೇಕು. ನಮ್ಮ ಜನ ಸಾಲ ಮಾಡಿ ಕೊಂಡ ಆಟೋಗೂ ಟಿಲ್ಲರಿಗೂ ಇದು ಅನ್ವಯಿಸುತ್ತದೆ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ದರೆ. ಮೇಷ್ಟರುಗಳು ದಯವಿಟ್ಟು ಇದನ್ನು ಊರಿನಲ್ಲಿ ಹೇಳಿ. ಗಾಡಿಯ ದೋಷದಿಂದ ಜೀವಕ್ಕೆ ಅಪಾಯವಿದ್ದರೆ ಆ ಮಾದರಿಯನ್ನೇ ವಾಪಸ್ಸು ಕರೆಸುವ ಅಧಿಕಾರವೂ 2019ರ ತಿದ್ದುಪಡಿಯಿಂದ ಕೇಂದ್ರ ಸರ್ಕಾರಕ್ಕೆ ಬಂದಿದೆ, ಮೋಟಾರು ಕಾಯಿದೆಯ 110-ಎ ಕಲಮಿನಲ್ಲಿ.

ಬರೆದೆ. ಕಾರು ಕೊಂಡ ದಿನ, ನಡುಕ ಶುರುವಾದ ದಿನ, ಸರ್ವೀಸಿಗೆ ಹೋದ ದಿನಗಳು, ಮಾನಸಿಕ ಯಾತನೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ಸದರಿ ದೋಷದಿಂದ ವಾಹನವು ಒಮ್ಮೆಲೇ ಮುನ್ನುಗ್ಗಿ ರಸ್ತೆ ಬದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಮಹಿಳೆಯೊಬ್ಬರ ಕಾಲಿಗೆ ಪೆಟ್ಟಾಗಿರುತ್ತದೆ.'

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ಆ ಸಾಲಿನ ಮೇಲೆ ಪೆನ್ನು ಎಳೆದರು.

"ಇದು ಬೇಡ."

"ಇದೇ ಸಾರ್ ದೊಡ್ಡ ಸಾಕ್ಷಿ."

"ಪೊಲೀಸ್ ಕೇಸಾಗ್ತದೆ. ಸಿಕ್ಕಿಬೀಳೋನು ನೀನೇ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಪರೀಕ್ಷೆ ಬರೀತಿದೀಯ, ನಾಳೆ ವೆರಿಫಿಕೇಶನ್ ಬಂದ್ರೆ?"

ಅವರು ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ಚುಚ್ಚಿದ್ದು. ಇನ್ನೊಂದೂ ಗಮನಿಸಿದೆ. ಗ್ರಾಹಕ ಕಾಯಿದೆಯ ಪ್ರಕಾರ ಗ್ರಾಹಕನೆಂದರೆ ಕೊಂಡವನು, ಇಲ್ಲವೇ ಕೊಂಡವನ ಒಪ್ಪಿಗೆಯಿಂದ ಬಳಸುವವನು. ಸೊಪ್ಪಿನ ತಾಯಿ ಕಾರು ಕೊಂಡವಳಲ್ಲ, ಹತ್ತಿದವಳೂ ಅಲ್ಲ. ಅದು ಅವಳ ಮೇಲೆ ಹತ್ತಿದೆ ಅಷ್ಟೇ. ಹಾಗಾಗಿ ಕಾರಿನ ದೋಷದ ಬಗ್ಗೆ ಈ ಬಾಗಿಲಲ್ಲಿ ದೂರು ಹೇಳಲು ಅವಳಿಗೆ ಜಾಗವಿಲ್ಲ. ಯಜಮಾನರ ದೂರಿನಲ್ಲಿ ಒಂದು ಸಾಲಾಗಿ ಇದ್ದಳು. ಅಲ್ಲಿಂದಲೂ ಅವಳನ್ನು ಅಳಿಸಿದ್ದಾಯಿತು.

*

ಊರಿಗೆ ಹೋದೆ. ಅಪ್ಪನ ಹತ್ತಿರ ಹೇಳಿಕೊಂಡೆ.

ಅಪ್ಪನ ಬಲಗೈ ಪೂರ್ತಿ ಮೇಲಕ್ಕೆ ಏಳುವುದಿಲ್ಲ. ನಾನು ಹುಟ್ಟುವ ಮೊದಲು ಗೌಡರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಏರಿ ಮೇಲೆ ಬ್ರೇಕ್ ಹಿಡಿಯದೆ ಅದು ಕೆರೆಗೆ ಮಗುಚಿತು. ಬ್ರೇಕ್ ಕಟ್ಟಿಸಿ ಎಂದು ಒಂದು ತಿಂಗಳಿಂದ ಹೇಳುತ್ತಿದ್ದನಂತೆ. ಪಂಚಾಯ್ತಿಯಲ್ಲಿ ತೀರ್ಮಾನವಾದದ್ದು ಅಪ್ಪ ಕುಡಿದಿದ್ದ ಎಂದು. ನಮ್ಮಪ್ಪ ಕುಡಿಯುವುದಿಲ್ಲ. ಟ್ರ್ಯಾಕ್ಟರಿನ ರಿಪೇರಿಗೆ ಎರಡು ವರ್ಷ ಜೀತ ಮಾಡಿದ. 1976ರಲ್ಲೇ ಕಾಯಿದೆ ಮಾಡಿ ಜೀತ ರದ್ದು ಮಾಡಿದ್ದರು ಎಂದು ನಾನು ಓದಿದ್ದು ಕಾಲೇಜಿಗೆ ಬಂದ ಮೇಲೆ. ಆಮೇಲೆ ಪೇಟೆಗೆ ಹೋಗಿ ಟ್ಯಾಕ್ಸಿ ಓಡಿಸುವ ಆಸೆ ಅಪ್ಪನಿಗಿತ್ತು. ಬಾಡಿಗೆ ಗಾಡಿಯ ಲೈಸೆನ್ಸಿಗೆ ಎಂಟನೇ ಕ್ಲಾಸು ಪಾಸಾಗಿರಬೇಕು ಎಂದರು. ಆ ನಿಯಮವನ್ನು ಸರ್ಕಾರ 2019ರಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು.

ಎಲ್ಲ ಕೇಳಿದ ಅಪ್ಪ ಬೀಡಿ ಆರಿಸಿ ಹೇಳಿದ: "ಎತ್ತು ಎಡವಿದ್ರೆ ಏಟು ಬೀಳೋದು ಎತ್ತಿಗೇ ಕಣ್ಲಾ. ನೊಗ ಮಾಡ್ದೋನ್ನ ಯಾರೂ ಕೇಳಕಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀನು ಎತ್ತಲ್ಲ. ಓದ್ಸಿವ್ನಿ. ಬಾಯೈತೆ. ಆವಮ್ಮುನ್ನ ನೋಡ್ದಾ?"

ನೋಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

*

ಗೇಟಿನ ಪಕ್ಕದ ಜಾಗ ಖಾಲಿ ಇತ್ತು. ಅಕ್ಕಪಕ್ಕದವರನ್ನು ವಿಚಾರಿಸಿ ಮೂಡಲಪಾಳ್ಯದ ಹಿಂದಿನ ಒಂದು ವಠಾರಕ್ಕೆ ಹೋದೆ. ಕಾಲಿಗೆ ಪಟ್ಟಿ ಕಟ್ಟಿ ಗೋಡೆಗೆ ಒರಗಿ ಕೂತಿದ್ದಳು. ಮೂಳೆ ಮುರಿದಿದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿದ್ದರು. ನನ್ನ ಗುರುತು ಹಿಡಿದಳು.

"ಕಾರು ಬುಟ್ಟೋನು ನೀನೇ ಅಲ್ವಾ? ಕೂತ್ಕೋ. ಏನು ಜಾತಿ ನಿಮ್ದು?"

ಹೇಳಿದೆ. ಅವಳು ನೀರು ಕೊಡಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದಳು, ಆಮೇಲೆ ಕೊಟ್ಟಳು. ಇದನ್ನು ಮುಚ್ಚಿಡಬಾರದು ಎಂದು ಬರೆದೆ. ಬಡತನವೊಂದೇ ನಮ್ಮನ್ನು ಒಂದು ಮಾಡಿಬಿಡುವುದಿಲ್ಲ.

ಕಾನೂನು ಹೇಳಿದೆ. ಪ್ರತಿ ಗಾಡಿಗೂ ಹೊರಗಿನವರಿಗೆ ಆಗುವ ಪೆಟ್ಟಿಗೆ ವಿಮೆ ಕಡ್ಡಾಯ. ಮೋಟಾರು ಕಾಯಿದೆಯ 164ನೇ ಕಲಮಿನಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ಕೇಳಬಹುದು. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಆದರೆ ವಿಮೆ ಕಂಪನಿಯ ಬಾಗಿಲಿಗೆ ಹೋಗುವ ಮೊದಲು ಪೊಲೀಸ್ ದಾಖಲೆ ಬೇಕು. ದಾಖಲೆಯಲ್ಲಿ ಡ್ರೈವರಿನ ಹೆಸರು ಬೇಕು.

"ನಿನ್ಗೇನೂ ಆಗಕಿಲ್ವಾ?" ಎಂದು ಕೇಳಿದಳು.

"ಆಗ್ತದೆ."

"ಮತ್ಯಾಕ್ ಬಂದೆ?"

ಉತ್ತರ ತೋಚಲಿಲ್ಲ. "ನಮ್ಮಪ್ಪ ಹೋಗು ಅಂದ" ಎಂದೆ.

ಆಟೋ ಮಾಡಿಕೊಂಡು ಅವಳನ್ನು ಠಾಣೆಗೆ ಕರೆದುಕೊಂಡು ಹೋದೆ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು ನನ್ನ ಮೇಲೆ. 134ರ ಪ್ರಕಾರ ನಡೆದುಕೊಳ್ಳದ್ದಕ್ಕೆ ಇನ್ನೊಂದು. ಅದೃಷ್ಟಕ್ಕೆ ಅವಳ ಜೀವ ಉಳಿದಿದೆ. ಹೋಗಿದ್ದರೆ 106ನೇ ಕಲಮು. ಹಳೆಯ 304-ಎ ಕಲಮಿನಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ, 2024ರ ಜುಲೈ 1ರಿಂದ ಬಂದ ಈ ಹೊಸ ಸಂಹಿತೆಯಲ್ಲಿ ಐದು ವರ್ಷವಾಗಿದೆ. ಗುದ್ದಿ ಓಡಿಹೋದವರಿಗೆ ಹತ್ತು ವರ್ಷ ಎಂಬ ಉಪಕಲಮಿನ ವಿರುದ್ಧ 2024ರ ಜನವರಿಯಲ್ಲಿ ಲಾರಿ ಡ್ರೈವರುಗಳು ದೇಶದಲ್ಲೆಲ್ಲ ರಸ್ತೆಗಿಳಿದದ್ದು ನಿಮಗೆ ನೆನಪಿರಬಹುದು. ಸರ್ಕಾರ ಸಂಹಿತೆಯನ್ನು ಜಾರಿಗೆ ತಂದಾಗ ಆ ಉಪಕಲಮನ್ನು ತಡೆಹಿಡಿಯಿತು. ನಾನು ಓಡಿಹೋದವನೇ ಆದ್ದರಿಂದ ಅವರ ಭಯವೂ ಗೊತ್ತು, ಓಡಬಾರದು ಎಂಬುದೂ ಗೊತ್ತು.

ಬರೆದುಕೊಳ್ಳುತ್ತಿದ್ದ ಪೊಲೀಸಿನವರು ನನ್ನ ಬಾಯಿಂದ ಮಾತು ಬರುವ ಮೊದಲೇ ಬರೆದರು: 'ಚಾಲಕನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು...'

"ಸಾರ್, ಅತಿವೇಗ ಅಲ್ಲ. ಏರು ಹತ್ತುತ್ತಾ ನಿಂತಿದ್ದ ಗಾಡಿ ಅದು."

"ಎಲ್ಲಾದಕ್ಕೂ ಹಂಗೇ ಬರೆಯೋದು ಕಣಯ್ಯಾ."

ಎಲ್ಲಾದಕ್ಕೂ ಹಂಗೇ ಬರೆಯೋದು! 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಕೇಂದ್ರ ಸರ್ಕಾರದ ವರದಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳ ಎದುರು 'ಅತಿವೇಗ' ಎಂದು ಬರೆದಿದೆ. ಅತಿವೇಗ ಕೊಲ್ಲುತ್ತದೆ, ನಿಜ. ಆದರೆ ಆ ಲೆಕ್ಕ ಹುಟ್ಟುವುದು ಇಂಥ ಮೇಜಿನ ಮೇಲೆ, ಇಂಥ ಒಂದು ಅಭ್ಯಾಸದ ಸಾಲಿನಿಂದ. ಗಾಡಿಯ ಪಾಲೆಷ್ಟು, ಗುಂಡಿಯ ಪಾಲೆಷ್ಟು, ಹಿಂದಿನ ಸೀಟಿನಿಂದ 'ನುಗ್ಸು' ಎಂದವನ ಪಾಲೆಷ್ಟು ಎಂದು ಆ ಸಾಲು ಕೇಳುವುದೇ ಇಲ್ಲ.

ನಾನು ಸಹಿ ಹಾಕಲಿಲ್ಲ. ಅವರು ಗದರಿದರು. ಸೊಪ್ಪಿನ ತಾಯಿ ಬೆಂಚಿನ ಮೇಲಿಂದಲೇ ಹೇಳಿದಳು: "ಅವ್ನು ಹೇಳೋದು ದಿಟ ಕಣಪ್ಪಾ. ಗಾಡಿ ನಿಂತಿತ್ತು. ನಡುಗ್ತು. ಆಮೇಲೆ ನೆಗೀತು. ನಾನೇ ನೋಡಿವ್ನಿ."

ಒಂದು ಗಂಟೆ ಕೂತೆವು. ಕೊನೆಗೆ ನನ್ನ ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ನನ್ನ ಕೈಯಲ್ಲೇ ಬರೆಸಿಕೊಂಡರು. ಗಾಡಿ ಹಿಂದೆ ಜಾರಿದ್ದು, ನಡುಗಿದ್ದು, ನಾನು ಎರಡನೇ ಸಲ ಒತ್ತಿದ್ದು, ಚಿಮ್ಮಿದ್ದು, ನಾನು ದುಡ್ಡು ಕೊಟ್ಟು ಹೊರಟುಹೋದದ್ದು. ಮೊದಲ ಹಾಳೆಯಲ್ಲಿ 'ಅತಿವೇಗ' ಹಾಗೆಯೇ ಉಳಿಯಿತು. ಗಾಡಿ ಪರೀಕ್ಷಿಸಲು ಬಂದವರು ಬ್ರೇಕು, ಸ್ಟೇರಿಂಗು ನೋಡಿ ಸರಿಯಿದೆ ಎಂದು ಬರೆದರು. ಗೇರ್‌ಪೆಟ್ಟಿಗೆಯ ವಿಷಯ ಹೇಳಿದೆ. ಅವರ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಕೇಸು ನಡೆಯುತ್ತಿದೆ. ಯಜಮಾನರು ಈಗ ನನ್ನನ್ನು ಕರೆಯುವುದಿಲ್ಲ. ನಾನು ಬರೆದ ದೂರಿನ ಮೇಲೆ ಅವರಿಗೆ ಆಯೋಗದಲ್ಲಿ ದಿನಾಂಕ ಸಿಕ್ಕಿದೆಯಂತೆ. ಅವರು ಗೆಲ್ಲಲಿ. ಅವರು ಗೆದ್ದರೆ ಗಾಡಿಯಲ್ಲಿ ದೋಷವಿತ್ತು ಎಂದು ಒಂದು ಕಾಗದದಲ್ಲಾದರೂ ಬರುತ್ತದೆ. ಆ ಕಾಗದದ ನಕಲು ತೆಗೆದುಕೊಂಡು ನಾನು ನನ್ನ ಕೋರ್ಟಿಗೆ ಹೋಗುತ್ತೇನೆ. ತಾಯಿಯ ವಿಮೆಯ ಅರ್ಜಿಗೆ ಕಾಗದ ಜೋಡಿಸಿ ಕೊಟ್ಟಿದ್ದೇವೆ.

ಮುಂದಿನ ಪರೀಕ್ಷೆಯ ಅರ್ಜಿ ತುಂಬಿದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಮೊಕದ್ದಮೆ ಇದೆಯೇ? 'ಹೌದು' ಎಂದು ಬರೆದೆ. ವಿವರಕ್ಕೆ ಒಂದೇ ಗೆರೆ ಜಾಗ ಬಿಟ್ಟಿದ್ದರು. ಆ ಗೆರೆಯಲ್ಲಿ ಹಿಡಿಯಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.